ಎಡವಟ್ಟಿನ ಬಿಯರ್

ಏಪ್ರಿಲ್ 7, ಸೋಮವಾರ

ಹನ್ನೊಂದು ಹಾಯಿಗೆ ಬಟ್ಟೆ ಕತ್ತರಿಸಿ ಆಯಿತು. ಹೊಲಿಗೆ ಅಷ್ಟೂ ಬಾಕಿ. ಚಳಿ ಹೋದದ್ದೇ ತಡ, ಸ್ವೆಂಡ್‌ಬೋರ್ ಬಂದರಿನವರಿಗೆಲ್ಲ ನಾಳೆಗೇ ಹಾಯಿ ಬೇಕು. ದೋಣಿಗಳಿಗೆ ಹಾಯಿ ಹೊಲಿಯುವ ಸ್ವಂತ ಅಂಗಡಿ ತೆರೆದು ಇದು ಎರಡನೇ ವರ್ಷ. ಉಸಿರಾಡಲು ಪುರಸೊತ್ತಿಲ್ಲ.

ಇವತ್ತು ಎಡವಟ್ಟಿನ ಬಿಯರ್ ಪದ್ಧತಿ ನಿಲ್ಲಿಸಿದೆ. ತಪ್ಪು ಮಾಡಿದವರು ಶುಕ್ರವಾರ ಎಲ್ಲರಿಗೂ ಕುಡಿಸುವುದು, ಎಲ್ಲರೂ ಸೇರಿ ನಗುವುದು... ಇದೇನು ಕೆಲಸದ ಜಾಗವೋ ಹೆಂಡದಂಗಡಿಯೋ? ಬದಲಿಗೆ ಗೋಡೆಗೊಂದು ಬೋರ್ಡ್. ತಪ್ಪು, ತಾರೀಖು, ಮಾಡಿದವರ ಹೆಸರು.

ಹಾಯಿ ಕತ್ತರಿಸುವ ಪ್ರೆಬೆನ್ ಬೋರ್ಡ್ ನೋಡಿದ. ನನಗೆ ಸೂಜಿ ಹಿಡಿಯಲು ಕಲಿಸಿದ್ದೇ ಅವನು. "ಟೋವೆ, ನಿನ್ನ ಹೆಸರಿಗೂ ಜಾಗ ಇಟ್ಟಿದೀಯಾ?" ಅಂದ.

ಎಲ್ಲದಕ್ಕೂ ಕೊಂಕು ಅವನದು.

ಏಪ್ರಿಲ್ 25, ಶುಕ್ರವಾರ

ಮೂರು ವಾರ. ಬೋರ್ಡ್ ಖಾಲಿ. ಒಂದೇ ಒಂದು ತಪ್ಪಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎರಡು ಗಂಟೆಗೆ, ಶುಕ್ರವಾರದ ಕೆಲಸ ಮುಗಿದದ್ದೇ, ಎಲ್ಲರೂ ಕೋಟು ಹಾಕಿಕೊಂಡು ನೇರ ಮನೆಗೆ ಹೊರಟರು.

ಮೇ 6, ಮಂಗಳವಾರ

ನಮ್ಮ ಹಾಯಿಯೊಂದು ನಡುನೀರಲ್ಲಿ ಬಾಯಿ ಬಿಟ್ಟಿದೆ. ಹೊಲಿಗೆ ಮೇಲಿಂದ ಕೆಳಗಿನವರೆಗೆ ಬಿಚ್ಚಿಕೊಂಡಿತಂತೆ, ಸಾಧಾರಣ ಗಾಳಿಗೆ. ಜನಕ್ಕೆ ಏನೂ ಆಗಿಲ್ಲ, ಪುಣ್ಯ.

ಎಲ್ಲರನ್ನೂ ಕೂರಿಸಿ ಕೇಳಿದೆ. ಕೊನೆಗೆ ಹೊಲಿಗೆಯ ಸೋಲ್ವೈ, ನೆಲ ನೋಡುತ್ತಾ ಅಂದಳು: "ದಾರ ತೆಳ್ಳಗಿದೆ ಅಂತ ಮೊದಲ ದಿನಾನೇ ಗೊತ್ತಾಯ್ತು. ಹೇಳಿದ್ರೆ ಬೋರ್ಡ್ ಮೇಲೆ ನನ್ನ ಹೆಸರು ಬರುತ್ತಲ್ಲ... ಹೊಲೀತಾ ಹೋದೆ."

ಹನ್ನೊಂದೂ ಹಾಯಿ ಅದೇ ದಾರದಲ್ಲಿವೆ. ತಪ್ಪು ನಿಂತಿರಲಿಲ್ಲ, ಹೇಳುವುದು ನಿಂತಿತ್ತು.

ಮಧ್ಯಾಹ್ನ ಪ್ರೆಬೆನ್ ರಾಜೀನಾಮೆ ಮುಂದಿಟ್ಟ. "ತಿಂಗಳ ಕೊನೆಗೆ ಹೊರಡ್ತೀನಿ. ಬಾಯಿ ಮುಚ್ಕೊಂಡು ಕೆಲಸ ಮಾಡೋಕೆ ನನಗೆ ಬರಲ್ಲ." ಅವನು ಹೋದರೆ ಅಂಗಡಿಗೆ ಬೀಗವೇ ಗತಿ.

ಮೇ 7, ಬುಧವಾರ

ದಾರ ತರಿಸಿದ ಕಾಗದ ಹುಡುಕಿದೆ. ತಪ್ಪು ನಂಬರ್ ಬರೆದವಳು ನಾನೇ. ಆತುರದಲ್ಲಿ ಪಟ್ಟಿಯ ಒಂದು ಸಾಲು ಕೆಳಗಿನ ತೆಳು ದಾರದ್ದು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಹರಿದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಗದ ಹಿಡಿದು ಬಹಳ ಹೊತ್ತು ಕೂತಿದ್ದೆ. ಸೋಲ್ವೈಗೂ ಹೀಗೇ ಭಯವಾಗಿರಬೇಕು. ನಾಚಿಕೆಯಾಗುತ್ತಿದೆ.

ಮೇ 9, ಶುಕ್ರವಾರ

ಬೋರ್ಡಿನ ಮೇಲೆ ನನ್ನ ಹೆಸರು ಬರೆದೆ. ಮೊದಲನೆಯದು, ಕೊನೆಯದೂ. ಉಳಿದ ಹತ್ತು ದೋಣಿಯವರಿಗೆ ನಾನೇ ಫೋನ್ ಮಾಡಿದೆ — ಹಾಯಿ ಏರಿಸಬೇಡಿ, ವಾಪಸ್ ತನ್ನಿ. ಚೆನ್ನಾಗಿ ಬೈಸಿಕೊಂಡೆ.

ಎರಡು ಗಂಟೆಗೆ ಬಿಯರ್ ತಂದು ಕತ್ತರಿಸುವ ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ಯಾರೂ ನಗಲಿಲ್ಲ.

ಪ್ರೆಬೆನ್ ಬಾಟಲಿ ತೆಗೆದ. "ಹಾಯಿಗೊಂದು ಸಲ. ಹನ್ನೊಂದು ಶುಕ್ರವಾರ ನೀನೇ ಕುಡಿಸಬೇಕು."

"ನೀನಿರೋದು ಇನ್ನು ಮೂರೇ ಶುಕ್ರವಾರ," ಅಂದೆ.

"ಪುಕ್ಕಟೆ ಬಿಯರ್ ಬಿಟ್ಟು ಹೋಗೋಕೆ ನನಗೇನು ತಲೆ ಕೆಟ್ಟಿದೆಯಾ? ಆ ರಾಜೀನಾಮೆ ಇತ್ತ ಕೊಡು."

ಆಗ ನಕ್ಕರು. ನಾನು ಅತ್ತೆ.

ಮೇ 13, ಮಂಗಳವಾರ, ಬೆಳಿಗ್ಗೆ 8

ಐದು ಹಾಯಿ ವಾಪಸ್ ಬಂದಿವೆ. ಬಿಚ್ಚಿ ಹೊಲಿಯುವುದು. ಬೋರ್ಡ್ ಈಗ ಕಾಫಿ ಲೋಟ ಇಡುವ ಹಲಗೆ.

ಸೋಲ್ವೈ ಬಾಗಿಲಲ್ಲಿ. ಕೈಯಲ್ಲಿ ಕತ್ತರಿ, ಮುಖವೆಲ್ಲ ಕೆಂಪು. "ಟೋವೆ, ಒಂದು ಎಡವಟ್ಟು ಮಾಡ್ಕೊಂಡೆ. ಬೇಗ ಬಾ."

ನೆಲ ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದಳು. ಎಷ್ಟು ಖುಷಿಯಾಯಿತು ಅಂದರೆ — ಮತ್ತೆ ಕೂಗುತ್ತಿದ್ದಾಳೆ, ಹೋಗಿ ನೋಡುತ್ತೇನೆ, ಉಳಿದದ್ದು ಆಮೇಲೆ.