ಬೆಟ್ಟದಾಚೆ ಇಳಿದ ತಗಡುಗಳು

ಅಂಬೋದಿವಾಹಿ, ಮಸೋಆಲಾ ಪರ್ಯಾಯದ್ವೀಪದ ಮೂಡಣ ಕರಾವಳಿ
ನವೆಂಬರ್ ೮

ಪ್ರೀತಿಯ ಬೆಲಾಹಿ ಅಣ್ಣಾ,

ಕ್ಷೇಮವೇ? ತಮಾತಾವ್ ಬಂದರಿನ ಸೆಕೆಗೆ ತಲೆ ನೆಟ್ಟಗಿದೆಯೇ? ತಲೆಯನ್ನೇ ಮೊದಲು ವಿಚಾರಿಸುತ್ತಿದ್ದೇನೆ, ಉಳಿದ ಅಂಗಗಳು ಸರದಿಯಲ್ಲಿ ಕಾಯಲಿ. ಇಲ್ಲಿ ನಾವೆಲ್ಲ ಸುಖ, ಹೆಗಲುಗಳನ್ನು ಬಿಟ್ಟು.

ಹೋದ ಚಂಡಮಾರುತಕ್ಕೆ ಹಾರಿದ ಅಮ್ಮನ ಸೂರಿಗೆಂದು ನೀನು ಕಳಿಸಿದ ತಗಡುಗಳು ಮಸೋಆಲಾ ತಲುಪಿದವು. ಸುಳ್ಳಲ್ಲ, ಮಸೋಆಲಾವನ್ನೇ ತಲುಪಿದವು. ಆದರೆ ಪಡುವಣ ಕೊಲ್ಲಿಯ ದಂಡೆಗೆ. "ಮಸೋಆಲಾದಲ್ಲಿ ಇಳಿಸು ಅಂದ, ಇಳಿಸಿದೆ. ಯಾವ ಕಡಲು ಅಂತ ನಿಮ್ಮಣ್ಣ ಹೇಳ್ಲೇ ಇಲ್ವಲ್ಲಮ್ಮ" ಎಂದ ದೋಣಿಯವನು. ಭೂಶಿರ ಸುತ್ತಿ ತಂದುಕೊಡು ಎಂದರೆ ಅಲೆಗಳನ್ನು ತೋರಿಸಿ ನಕ್ಕ. ಮೂಡಣ ಕಡಲಿನ ಉಪ್ಪು ತಿಂದು ಬೆಳೆದ ನಿನಗೆ ಮೂಡಣ ಎಂಬ ಒಂದು ಮಾತು ಭಾರವಾಯಿತೇ? ಭೂಪಟದಲ್ಲಿ ಈ ದಂಡೆಗೂ ಆ ದಂಡೆಗೂ ಬೆರಳಗಲವೇ ಇರಬಹುದು. ಆ ಬೆರಳಗಲದ ಮೇಲೆ ಬೆಟ್ಟವಿದೆ ಅಣ್ಣಾ, ಬೆಟ್ಟದ ಮೇಲೆ ಕಾಡಿದೆ, ಕಾಡಿನ ಮೇಲೆ ಬಿಡದ ಮಳೆಯಿದೆ.

ಬಿದಿರಿನ ಗಳುಗಳಿಗೆ ಕಟ್ಟಿ ಹೊತ್ತೆವು. ಜಾರುವ ಬೇರುಗಳ ಮೇಲೆ ಊರಿನವರೆಲ್ಲ ನಿನ್ನನ್ನು ಮನಸಾರೆ ನೆನೆದರು, ಆ ಮಾತುಗಳನ್ನು ಬರೆಯಲಾರೆ. ಜಿಗಣೆಗಳಿಗೆ ನಿನ್ನ ಹೆಸರಿನಲ್ಲಿ ಭರ್ಜರಿ ಸಂತರ್ಪಣೆಯಾಯಿತು. ಬೆಟ್ಟದ ನೆತ್ತಿಯ ಮೇಲೆ ಎಂದಿನಂತೆ ಗತಿಸಿದ ಹಿರಿಯರಿಗೆಂದು ನೆಲಕ್ಕೆ ರಮ್ ಎರೆದು, ಹೊರೆ ಯಾರದೆಂದು ತಿಳಿಸಬೇಕಲ್ಲ. ಅದನ್ನು ಹೇಳಬೇಕಾದ ತೊಂಬೊ ಮಾಮನಿಗೆ ಏದುಸಿರು, "ನೀನೇ ಹೇಳೇ" ಎಂದ. ನಾನು ಹುಲ್ಲಿನ ಟೋಪಿ ತೆಗೆದು, "ಸಮಸ್ತ ಹಿರಿಯರ ಸನ್ನಿಧಿಗೆ ಅರಿಕೆ. ಈ ಹೊರೆ ಬೆಲಾಹಿಯದು. ಅವನು ನಿಮ್ಮ ವಂಶದವನೇ ಹೌದೋ ಎಂಬುದನ್ನು ದಯವಿಟ್ಟು ಪರಿಶೀಲಿಸಬೇಕು" ಎಂದೆ. ಎಲ್ಲರೂ ನಕ್ಕರು. ಮಾಮ ನಗಲಿಲ್ಲ. "ಹೊರೆಯ ಒಡೆಯ ಒಂದನ್ನಾದ್ರೂ ತಾನೇ ಹೊರಬೇಕು ಕಣೇ. ಇಲ್ದಿದ್ರೆ ಆ ಸೂರು ಅವನದಾಗಲ್ಲ" ಎಂದು ಒಂದು ತಗಡನ್ನು ಅಲ್ಲೇ ಮರಕ್ಕೆ ಒರಗಿಸಿ ಇಳಿದುಬಿಟ್ಟ. ನನಗೆ ಅವನ ಮೇಲೂ ಸಿಟ್ಟು ಬಂತು. ಆದರೆ ಆ ಸಿಟ್ಟಿಗೂ ನೀನೇ ವಾರಸುದಾರ.

ಅಮ್ಮ ಆಶೀರ್ವಾದ ಕಳಿಸಿದ್ದಾಳೆ. ನನ್ನ ಬಳಿ ಸದ್ಯಕ್ಕೆ ದಾಸ್ತಾನಿಲ್ಲ.

ನಿನ್ನ ತಂಗಿ,
ಜಾಫಿಸೋವಾ

ಮರೆತಿದ್ದೆ: ಸೂರು ಹೊದಿಸಿ ಆಯಿತು, ಒಂದು ತಗಡಿನಷ್ಟು ಜಾಗ ಬಿಟ್ಟು. ಗರಿ ಹೊದಿಸಿ ಮುಚ್ಚುತ್ತೇವೆ ಎಂದರೆ ಅಮ್ಮ ಬಿಡುತ್ತಿಲ್ಲ. "ನನ್ನ ಮಗ ತರ್ತಾನೆ" ಎಂದು ಆ ಕಂಡಿಯ ಕೆಳಗೇ ಚಾಪೆ ಹಾಸಿದ್ದಾಳೆ. ನಿನ್ನೆ ಮಳೆಗೆ ನೆನೆದಳು, ಕೆಮ್ಮುತ್ತಿದ್ದಾಳೆ. ಗಾಳಿಯ ಕಾಲ ಬರುವ ಮೊದಲು ದೋಣಿ ಹತ್ತು. ಈ ಸಲ ಪಡುವಣ ದಂಡೆಗೇ ಇಳಿ.