ಕುಂಟುವುದನ್ನೂ ನೋಡಿದ ಊರು

ಥಾರ್ನ್‌ಶಾ, ಯಾರ್ಕ್‌ಷೈರ್
ಮಾರ್ಚ್ 4

ಪ್ರೀತಿಯ ಟೆಡ್ ತಾತ,

ನಿಮ್ಮ ಮೊಣಕಾಲು ಹೇಗಿದೆ? ಕೆಮ್ಮು ಕಡಿಮೆಯಾಯಿತೆ? ರಾತ್ರಿ ಕಿಟಕಿ ಮುಚ್ಚಿ ಮಲಗುತ್ತೀರಿ ತಾನೆ? ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಮೊಮ್ಮಗನ ಹೆಂಡತಿ ಇಷ್ಟು ಉದ್ದ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡಿ. ಜೋಯೆಲ್ ಸಿಕ್ಕಿದ ಮೇಲೆ ನನಗೆ ಲೋಕದ ಮೇಲೆಲ್ಲ ಪ್ರೀತಿ ಉಕ್ಕುತ್ತಿದೆ, ಬಸ್ ಡ್ರೈವರ್‌ಗೂ ಮುತ್ತು ಕೊಟ್ಟುಬಿಡೋಣ ಅನ್ನಿಸುವಷ್ಟು. (ಕೊಟ್ಟಿಲ್ಲ.) ಅವನು ಪಕ್ಕದಲ್ಲೇ ಟೋಸ್ಟ್ ತಿನ್ನುತ್ತ, "ತಾತನ ತಲೆ ತಿನ್ಬೇಡ ಕಣೇ, ವಿಷಯಕ್ಕೆ ಬಾ" ಅನ್ನುತ್ತಿದ್ದಾನೆ.

ವಿಷಯಕ್ಕೇ ಬರುತ್ತೇನೆ. ಕಡಲತೀರದ ಆ ವೃದ್ಧರ ಹೋಮಿನಲ್ಲಿ ನಿಮ್ಮ ಕೋಣೆ ಈ ತಿಂಗಳ ಕೊನೆಗೆ ಕಾಯಂ ಆಗುತ್ತದಂತೆ. ನಿಮ್ಮ ಮಗ ಕೀತ್ ಮಾವ ಫೋನಿನಲ್ಲಿ ಹೇಳಿದರು. "ಅಪ್ಪನಿಗೇನೂ ಕಮ್ಮಿಯಿಲ್ಲಮ್ಮ. ಅವರಿಗೋಸ್ಕರ ಟಿವೀಲಿ ರಗ್ಬಿ ಹಾಕ್ತಾರೆ. ನೋಡ್ತಾ ನೋಡ್ತಾ ಹಾಯಾಗಿ ನಿದ್ದೆ ಹೋಗ್ತಾರೆ" ಎಂದರು. ನಿದ್ದೆ ಬಾರದೆ ಏನು? ಅಲ್ಲಿ ಹಾಕುವುದು ಹದಿನೈದು ಜನರ ರಗ್ಬಿ, ಆ ಆಟವೇ ಬೇರೆ. ನಮ್ಮೂರಿನ ಹದಿಮೂರು ಜನರ ರಗ್ಬಿ ಆಡಿ, ಅದೇ ಉಸಿರಾಗಿದ್ದ ನಿಮ್ಮ ಮುಂದೆ ಅದನ್ನು ಹಾಕುತ್ತಾರೆಂದು ಮೊದಲು ನಗು ಬಂತು, ಫೋನ್ ಇಟ್ಟ ಮೇಲೆ ಅಳು ಬಂತು.

ಥಾರ್ನ್‌ಶಾಗೆ ವಾಪಸು ಬಂದು ನಮ್ಮ ಜೊತೆ ಇರಿ ಎಂದು ಮದುವೆಯ ದಿನವೇ ಕೇಳಿದ್ದೆ. ಆಗ ನೀವು ನನ್ನ ಕೈ ತಟ್ಟಿ, "ಬೇಡ ಮಗಾ. ಆ ಊರಿನವರು ನಾನು ಓಡಿದ್ದನ್ನ ನೋಡಿದೋರು. ಈಗ ವಾಕರ್ ತಳ್ಕೊಂಡು ಹೋಗೋದನ್ನ ಯಾಕೆ ತೋರಿಸ್ಲಿ?" ಎಂದಿರಿ. ಮದುವೆ ನಮ್ಮಮ್ಮನ ಊರಿನಲ್ಲಾದ್ದರಿಂದಲೇ ನೀವು ಬಂದಿರಿ, ಅದು ನನಗೆ ಗೊತ್ತು. ನಿಮ್ಮ ಆ ಪ್ರಶ್ನೆಗೆ ಉತ್ತರ ಈಗ ಸಿಕ್ಕಿದೆ.

ಮೊನ್ನೆ ನಮ್ಮೂರ ರಗ್ಬಿ ಕ್ಲಬ್ಬಿನಲ್ಲಿ ನಿಮ್ಮ ಎಂಬತ್ತನೇ ಹುಟ್ಟುಹಬ್ಬ ಮಾಡಿದರು, ನೀವಿಲ್ಲದೆಯೇ. ಪೈ, ಬಟಾಣಿ, ಬಿಯರು, ಕೂರಲು ಜಾಗವಿಲ್ಲದಷ್ಟು ಜನ. ಎಲ್ಲರೂ ನೀವು ಗೆರೆ ದಾಟಿ ಚೆಂಡು ಊರಿ ಗಳಿಸಿದ ಟ್ರೈಗಳ ಬಗ್ಗೆಯೇ ಹೇಳುತ್ತಾರೆಂದು ನಾನು ಕರವಸ್ತ್ರ ಹಿಡಿದು ಕೂತಿದ್ದೆ. ಮೊದಲು ಎದ್ದವರು ಮೇವಿಸ್ ಅಜ್ಜಿ, ಈಗಲೂ ಪ್ರತಿ ಮ್ಯಾಚಿಗೂ ಮೈದಾನದ ಕಂಬಿಗೆ ಒರಗಿ ನಿಲ್ಲುವವರು. "ಸೆಮಿಫೈನಲ್‌ನಲ್ಲಿ ಗೆರೆ ಹತ್ರ ಚೆಂಡು ಕೈಬಿಟ್ಟನಲ್ಲ, ಅವತ್ತು ಶನಿವಾರ. ಸೋಮವಾರ ಪ್ಲಂಬರ್ ಕೆಲಸಕ್ಕೆ, ನಮ್ಮನೆ ಸಿಂಕ್ ರಿಪೇರಿಗೆ ಬಂದ. ತಲೆ ಸಿಂಕ್ ಕೆಳಗೆ ಹೋಗೋವರೆಗೂ ಸುಮ್ನಿದ್ದು ಆಮೇಲೆ ಶುರು ಮಾಡ್ದೆ. ಎಲ್ಲಿಗೆ ಓಡ್ತಾನೆ? ಎಲ್ಲಾ ಬೈದು ಮುಗಿಸಿದ್ಮೇಲೆ ಒಳಗಿಂದ ಕೈ ಚಾಚಿ, 'ಸ್ಪ್ಯಾನರ್ ಕೊಡಮ್ಮ, ಇದನ್ನಾದ್ರೂ ಬಿಡದೆ ಹಿಡೀತೀನಿ' ಅಂದ" ಎಂದರು. ಮಾಂಸದಂಗಡಿಯ ಡೆಸ್ಮಂಡ್ ಅವರದು ಇನ್ನೊಂದು. ಆಟದಲ್ಲಿ ಮೂಗಿನ ಮೂಳೆ ಮುರಿದು, ಕಣ್ಣು ಊದಿ ಮುಚ್ಚಿಹೋಗಿದ್ದ ಮುಖದಲ್ಲೇ ನೀವು ಬಾಯ್ಲರ್ ನೋಡಲು ಹೋದಿರಂತೆ. ಅವರ ಕೂಸು ಹೆದರಿ ಕಿರುಚಿತೆಂದು ತಲೆಗೆ ಟವೆಲ್ ಹೊದ್ದೇ ಕೆಲಸ ಮುಗಿಸಿದಿರಂತೆ. ಆ ಕೂಸು ಈಗ ಬೋಳುತಲೆಯ ಗಂಡಸು. ಎದ್ದು ನಿಂತು, "ನಂಗಿನ್ನೂ ಹೆದರಿಕೇನೇ" ಎಂದ.

ಕೊನೆಗೆ ನಿಮ್ಮ ಹಳೆಯ ಬೀದಿಯ ವಾಲ್ಟರ್ ಮೆಲ್ಲಗೆ ಮಾತಾಡಿದರು. "ಸೋಮವಾರ ಬೆಳಿಗ್ಗೆ ಟೆಡ್ ಟೂಲ್ಸ್ ಚೀಲ ಹೊತ್ಕೊಂಡು ಏರು ಹತ್ತೋದನ್ನ ನಮ್ಮಪ್ಪ ಕಿಟಕೀಲಿ ನಿಂತು ನೋಡ್ತಿದ್ದ. 'ಎಡಗಾಲು ಕುಂಟ್ತಾನೆ, ಶನಿವಾರ ಆಡ್ತಾನೆ' ಅನ್ನೋನು. ಒಂದಿನ 'ಎರಡೂ ಕಾಲು ಕುಂಟ್ತಾನೆ' ಅಂದ. 'ಹಂಗಾದ್ರೆ?' ಅಂತ ಕೇಳ್ದೆ. 'ಆಗ್ಲೂ ಆಡ್ತಾನೆ' ಅಂದ."

ತಾತ, ಓಡಿದ್ದನ್ನು ಶನಿವಾರ ನೋಡಿದವರು ಕುಂಟಿದ್ದನ್ನು ಸೋಮವಾರ ನೋಡಿದ್ದಾರೆ. ಹುಟ್ಟುಹಬ್ಬದ ಅಷ್ಟು ಹೊತ್ತಿನಲ್ಲಿ ಒಬ್ಬರೂ ನಿಮ್ಮ ವೇಗದ ಮಾತೆತ್ತಲಿಲ್ಲ. ನೀವು ಯಾರಿಂದ ಏನನ್ನು ಮುಚ್ಚಿಡುತ್ತಿದ್ದೀರಿ? ನಮ್ಮನೆಯ ಕೆಳಗಡೆ, ಮುಂಭಾಗದ ಕೋಣೆ ನಿಮಗಾಗಿ ಖಾಲಿ ಮಾಡಿದ್ದೇವೆ. ನನ್ನ ಮದುವೆಯ ಉಡುಗೊರೆಗಳೆಲ್ಲ ಅಟ್ಟಕ್ಕೆ ಹೋದವು, ಮೂರು ಟೋಸ್ಟರ್ ಸಮೇತ. ಹೊಸ ಜೋಡಿಗೆ ತೊಂದರೆ ಅನ್ನಬೇಡಿ. ನಾನು ನಿಮ್ಮನ್ನು ಬಿಡುವವಳಲ್ಲ.

ಹೋಮಿನಲ್ಲಿ ನಿಮ್ಮ ಜೊತೆ ಇಸ್ಪೀಟು ಆಡುವ ಅಜ್ಜಂದಿರಿಗೆ ನನ್ನ ವಂದನೆ. ನಿಮ್ಮ ಊದಿದ ಮೊಣಕಾಲು ಎರಡಕ್ಕೂ ಒಂದೊಂದು ಮುತ್ತು.

ನಿಮ್ಮ
ಫೀಬಿ ಏಕ್ರಾಯ್ಡ್
(ಹೊಸ ಸಹಿ, ಇನ್ನೂ ಸೊಟ್ಟಗಿದೆ)

ಮರೆತೆ: ಭಾನುವಾರ ಕೀತ್ ಮಾವ ನಿಮ್ಮ ಕೋಣೆಗೆ ಬಂದು ಎಲ್ಲಿರುತ್ತೀರೆಂದು ಕೇಳುತ್ತಾರೆ. ನೀವೇ ಬಾಯಿಬಿಟ್ಟು ಹೇಳಿದರೆ ಅಡ್ಡಬರುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ. ಆದರೆ "ನಂಗೇನಿಲ್ಲಪ್ಪ, ನಿಮ್ಮಿಷ್ಟ" ಅನ್ನುವುದನ್ನು ಬಿಟ್ಟು ನೀವು ಜನ್ಮದಲ್ಲಿ ಬೇರೆ ಉತ್ತರ ಕೊಟ್ಟವರಲ್ಲ ಎನ್ನುತ್ತಾನೆ ಜೋಯೆಲ್. ಹಾಗೆಂದರೆ ಅವರು ಕೋಣೆ ಕಾಯಂ ಮಾಡುವ ಕಾಗದಕ್ಕೆ ಅಲ್ಲೇ ಸಹಿ ಹಾಕಿಬಿಡುತ್ತಾರೆ. ಒಂದೇ ಒಂದು ಸಲ "ಮನೆಗೆ ಹೋಗ್ತೀನಿ" ಅನ್ನಿ, ತಾತ. ಗಡ್ಡ ಹೆರೆದುಕೊಳ್ಳುವಾಗ ದಿನಾ ಹೇಳಿ ರೂಢಿ ಮಾಡಿಕೊಳ್ಳಿ. ನಾವಿಬ್ಬರೂ ಹೊರಗೆ ವ್ಯಾನಿನಲ್ಲಿರುತ್ತೇವೆ, ಇಂಜಿನ್ ಆರಿಸುವುದಿಲ್ಲ.