ಮೀನಿನ ಕೋಣೆಗೆ ಹೋದ ವೈರು

ರೀ,

ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ. ಆಂಬುಲೆನ್ಸ್ ಕೆಳಗೆ ನಿಂತಿದೆ.

ಬೆಳಿಗ್ಗೆ ಕರೆಂಟ್ ಹೋದಾಗ ಅವರ ಆಕ್ಸಿಜನ್ ಮೆಷಿನ್ನೂ ನಿಂತುಹೋಯ್ತು. ಅದಕ್ಕೆ ಅಂತಲೇ ತಂದ ಇನ್ವರ್ಟರ್ ಯಾಕೆ ಕೈಕೊಡ್ತು ಅಂತ ವೈರಿನ ಜಾಡು ಹಿಡಿದು ಹೋದೆ. ಅದು ನಿಮ್ಮ ಮೀನಿನ ಕೋಣೆಗೆ ಹೋಗಿತ್ತು. ಒಳಗೆ ತಣ್ಣಗಿತ್ತು. ಮೀನಿನ ತೊಟ್ಟಿಗಳ ಮೇಲೆ ನೀವೇ ಕೂತು ಬೆಸುಗೆ ಹಾಕಿದ ಎಲ್‌ಇಡಿ ದೀಪಗಳೆಲ್ಲ ಉರೀತಿದ್ದವು. ವೈರನ್ನ ಯಾವಾಗ ಈ ಕಡೆ ತಿರುಗಿಸಿದ್ರಿ? ನನಗೆ ಒಂದು ಮಾತು ಹೇಳಬಾರದಿತ್ತಾ?

ಆ ವೈರನ್ನ ಮೊದಲು ಅತ್ತೆ ಮಂಚದ ಹತ್ತಿರಕ್ಕೆ ವಾಪಸ್ ಎಳೀರಿ. ಆಮೇಲೆ ಬನ್ನಿ. ಅವರ ಹಲ್ಲುಸೆಟ್ಟು ಬಚ್ಚಲಲ್ಲಿದೆ, ಮರೀದೆ ತನ್ನಿ.

ಏದುಸಿರು ಬಿಡ್ತಾನೇ ಅತ್ತೆ, "ಅವನ ಮೀನಿಗೇನೂ ಆಗಿಲ್ಲ ತಾನೆ, ಸ್ವಲ್ಪ ನೋಡಮ್ಮ" ಅಂದ್ರು.

ನೋಡಿ ಬಂದೆ. ಒಂದಕ್ಕೂ ಏನೂ ಆಗಿಲ್ಲ.